ಹದಿನಾಲ್ಕು ಹೆಜ್ಜೆ ದೂರ

ಕ್ಷಮಾಪಣೆ ಪತ್ರ ಬರೆಯುವುದು ನನ್ನ ಕೆಲಸ.
ಯಾರ್ಕ್‌ಷೈರಿನ ಒಂದು ಪುರಸಭೆ, ಮೂರನೇ ಮಹಡಿ,
ಕಿಟಕಿಯಾಚೆ ಮುಚ್ಚಿಹೋದ ಉಣ್ಣೆ ಗಿರಣಿಯ ಚಿಮಣಿ,
ಅದರ ನೆತ್ತಿಯಲ್ಲಿ ಪಾರಿವಾಳಗಳ ಸಂಸಾರ.
‘ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ’
ಎಂಬ ಸಾಲು ನನ್ನ ಬೆರಳಿಗೆ ಬಾಯಿಪಾಠ.
ಮನಸ್ಸು ಆಗ ಮಧ್ಯಾಹ್ನದ ಸ್ಯಾಂಡ್‌ವಿಚ್ಚಿನ ಮೇಲಿರುತ್ತದೆ.

ವಿನಿಫ್ರೆಡ್ ಓಲ್ಡ್‌ರಾಯ್ಡ್, ಎಂಬತ್ತಮೂರು ವರ್ಷ,
ಥಾರ್ನ್ ಬೀದಿ, ಮನೆ ನಂಬರು ನಲವತ್ತೊಂದು.
ಸೊಂಟಕ್ಕೆ ಉಕ್ಕಿನ ಕೀಲು, ಕೈಗೆ ನಾಲ್ಕು ಕಾಲಿನ ಕೋಲು.
ಹಿತ್ತಿಲ ಬಾಗಿಲಿಂದ ರಸ್ತೆಯಂಚಿಗೆ
ಹದಿನಾಲ್ಕು ಹೆಜ್ಜೆ.
ನಮಗೆ ಹದಿನಾಲ್ಕು. ಅವಳಿಗೆಷ್ಟು
ಎಂದು ಕೇಳುವ ಖಾನೆ ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ.

ಕಸದ ಡಬ್ಬಿಯನ್ನು ನಮ್ಮವರೇ ಹಿತ್ತಿಲಿಂದ ಒಯ್ಯುತ್ತಾರೆಂದು
ಮೊಹರು ಒತ್ತಿ ಮಾತು ಕೊಟ್ಟಿದ್ದೆವು.
ಹನ್ನೊಂದು ಮಂಗಳವಾರ ಲಾರಿ ಬಂತು,
ಹನ್ನೊಂದು ಸಲವೂ ಹಾಗೇ ಹೋಯಿತು.
ಕ್ಯಾಲೆಂಡರಿನಲ್ಲಿ ಅವಳು ಪೆನ್ಸಿಲ್ಲಿನಿಂದ ಗುರುತು ಹಾಕಿದಳು:
‘ಬರಲಿಲ್ಲ. ಹುಳ.’
‘ಬರಲಿಲ್ಲ. ಫೋನು ಮಾಡಿ ನಲವತ್ತು ನಿಮಿಷ ಪಿಟೀಲು ಕೇಳಿದೆ.’
‘ಬರಲಿಲ್ಲ. ಪಕ್ಕದ ಮನೆ ಹುಡುಗ ತಳ್ಳಿಕೊಟ್ಟ.
ಒಳ್ಳೆಯವನು. ವಾರವಾರ ಕೇಳಲು ನಾಚಿಕೆ.’

ಡಬ್ಬಿ ರಸ್ತೆಯಂಚಿನಲ್ಲಿ ಇರಲಿಲ್ಲ,
ಆದ್ದರಿಂದ ಎತ್ತಲಿಲ್ಲ ಎಂದು ಉತ್ತರ ಬರೆದೆವು.
ಬರೆದೆವು ಎಂದರೇನು, ಬರೆದೆ. ನಾನೇ.

ಆಮೇಲೆ ಓಂಬುಡ್ಸ್‌ಮನ್ ಕಚೇರಿಯಿಂದ ಒಂಬತ್ತು ಪುಟ:
‘ದೂರನ್ನು ಎತ್ತಿಹಿಡಿಯಲಾಗಿದೆ.’
ಡಬ್ಬಿಯನ್ನು ಯಾರೂ ಎತ್ತದ ಊರಲ್ಲಿ
ದೂರನ್ನಾದರೂ ಎತ್ತಿದರಲ್ಲ!
ದೂರಕ್ಕೂ ದೂರಿಗೂ ನಡುವೆ ಇರುವುದು
ಒಂದು ಕೊಂಬು ಮಾತ್ರ.
ಅದನ್ನು ಹಿಡಿದು ನಮ್ಮನ್ನು ಅಲುಗಾಡಿಸಿದ್ದಳು ಮುದುಕಿ.

ನೂರೈವತ್ತು ಪೌಂಡಿನ ಚೆಕ್ಕು, ಒಂದು ಕ್ಷಮಾಪಣೆ.
ಅಂಚೆಗೆ ಹಾಕಲು ಮನಸ್ಸಾಗದೆ ನಾನೇ ಒಯ್ದೆ.
ಚೆಕ್ಕನ್ನು ಟೀ ಕುಡಿಕೆಯ ಕೆಳಗಿಟ್ಟು ಹೇಳಿದಳು:
‘ಬೇಡವೆನ್ನುವಷ್ಟು ಸಿರಿವಂತೆಯಲ್ಲ, ಇರಲಿ.
ಆದರೆ ಲಾರಿಗೆ ಗೊತ್ತಾಗುವುದು ಹೇಗೆ?’

ಲಾರಿಗೆ ಗೊತ್ತಾಗುವುದು ಹೇಗೆ?
ಮೂರನೇ ಮಹಡಿಯಲ್ಲಿ ಯಾರಿಗೂ ಹೊಳೆಯದ ಮಾತು.

ಡಿಪೋಗೆ ಹೋದೆ. ಡೀಸೆಲ್ ನಾತ, ಒದ್ದೆ ಕೈಗವಸುಗಳ ರಾಶಿ.
‘ಪಟ್ಟಿಯೇ? ಯಾವ ಪಟ್ಟಿ?’ ಎಂದ ಚಾಲಕ ಪಿಕರ್ಸ್‌ಗಿಲ್.
ಏಪ್ರಿಲ್‌ನಲ್ಲಿ ದಾರಿಗಳನ್ನು ಹೊಸದಾಗಿ ಹಂಚಿದಾಗ
ಪಟ್ಟಿ ನಮ್ಮ ಕಂಪ್ಯೂಟರಿನಲ್ಲೇ ಉಳಿದಿತ್ತು,
‘ಹಳೆಯದು’ ಎಂಬ ಕಡತದೊಳಗೆ.
ತೆರೆದೆ. ಇನ್ನೂರ ಹನ್ನೊಂದು ಬಾಗಿಲು.
ದೂರು ಕೊಟ್ಟವಳು ಒಬ್ಬಳು.
ಉಳಿದವರು?
ಎಳೆದರೇ, ಬಿದ್ದರೇ, ಬೇಡಿಕೊಂಡರೇ,
ನಾತದ ಜೊತೆ ಕಿಟಕಿ ಮುಚ್ಚಿಕೊಂಡು ಕೂತರೇ?
ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಕೆಟ್ಟ ಮೇಲೆ ಬುದ್ಧಿ, ಅಟ್ಟ ಮೇಲೆ ಒಲೆ.
ನಿಜ. ಆದರೆ ನಾಳೆಯೂ ಅಡಬೇಕಲ್ಲ,
ಒಲೆ ಉರಿಯಲಿ ಬಿಡಿ.

ಈಗ ಲಾರಿಯ ಪುಟ್ಟ ಪರದೆಯಲ್ಲಿ
ಅಂಥ ಮನೆ ಬಂದಾಗ ಹಳದಿ ಚುಕ್ಕೆ ಮಿನುಗುತ್ತದೆ.
ಗುಂಡಿ ಒತ್ತದೆ ಬೀದಿ ಮುಗಿಯುವುದಿಲ್ಲ.
ಪಿಕರ್ಸ್‌ಗಿಲ್ ಗೊಣಗುತ್ತಾನೆ, ಒತ್ತುತ್ತಾನೆ.
ಇಷ್ಟೇ ಆದದ್ದು, ಒಂದು ಚುಕ್ಕೆ.
ಇಷ್ಟಾಗಲು ಎಂಟು ತಿಂಗಳು, ಮೂರು ಸಭೆ,
ಒಬ್ಬ ಮುದುಕಿಯ ಪೆನ್ಸಿಲ್ಲು.

ಮಂಗಳವಾರ ಬೆಳಗಿನ ಮಂಜಲ್ಲಿ ಮೂಲೆಯಲ್ಲಿ ನಿಂತು ಎಣಿಸಿದೆ:
ಹುಡುಗನೊಬ್ಬ ಒಳಹೋದ, ಹದಿನಾಲ್ಕು.
ಡಬ್ಬಿ ಎಳೆದು ಬಂದ, ಹದಿನಾಲ್ಕು.
ಪರದೆ ಸರಿದಂತಾಯಿತು ಮೇಲಿನ ಕಿಟಕಿಯಲ್ಲಿ.

ಗುರುವಾರ ಪತ್ರ ಬಂತು:
‘ವಾಪಸ್ಸು ಇಡುವಾಗ ಡಬ್ಬಿಯ ಹಿಡಿ
ಗೋಡೆಯ ಕಡೆಗಿರುತ್ತದೆ. ನನ್ನ ಕಡೆಗಿರಲಿ.’

‘ನಿಮಗಾದ ತೊಂದರೆಗೆ’ ಎಂದು ಶುರುಮಾಡಿದೆ,
ಅಳಿಸಿದೆ,
ಡಿಪೋಗೆ ಫೋನು ಹಚ್ಚಿದೆ.